ಕೂತಲ್ಲೇ ಹದಿನಾಲ್ಕು ಕಿಲೋಮೀಟರ್

ಮೂರು ಮಹಡಿಯ ಆ ಬಟ್ಟೆ ಅಂಗಡಿಯಲ್ಲಿ ಪರದೆಗಳ ವಿಭಾಗ ಎರಡನೆಯ ಮಹಡಿಯಲ್ಲಿತ್ತು. ಅಲ್ಲಿ ಉದ್ದನೆಯ ಮರದ ಮೇಜು, ಮೇಜಿನ ಹಿಂದೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಪರದೆಯಣ್ಣ. ಈ ಮೂರರಲ್ಲಿ ಮೇಜೊಂದು ಮಾತ್ರ ಗೋಡೆಗೆ ಬಣ್ಣ ಬಳಿಯುವಾಗ ಜಾಗ ಬಿಟ್ಟು ಕದಲಿದ್ದನ್ನು ನೋಡಿದ್ದೇವೆ ಎಂದು ಅಂಗಡಿಯವರು ಹೇಳಿಕೊಂಡು ನಗುತ್ತಿದ್ದರು.

ನಡೆಯುವುದೆಂದರೆ ಪರದೆಯಣ್ಣನಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮೈ ದಪ್ಪ, ಪಾದ ಸಣ್ಣದು. ದೇವರು ಯಾರದೋ ಪಾದವನ್ನು ನನಗೆ ಜೋಡಿಸಿಬಿಟ್ಟಿದ್ದಾನೆ ಎನ್ನುವುದು ಅವನ ವಾದ. ಒಂದು ಮಹಡಿ ಇಳಿಯುವುದಕ್ಕೂ ಲಿಫ್ಟಿಗೆ ಕಾಯುತ್ತಿದ್ದ. ಚೆನ್ನಾಗಿ ಖರ್ಚಾಗುವ ಬಟ್ಟೆಯ ಸುರುಳಿಗಳನ್ನೆಲ್ಲ ಕೂತಲ್ಲಿಂದ ಕೈಗೆಟಕುವ ಹಾಗೆ ಜೋಡಿಸಿಕೊಂಡಿದ್ದ. ಗಿರಾಕಿಗಳು ಅಪ್ಪಿತಪ್ಪಿ ದೂರದ ಕಪಾಟಿನ ಕಡೆ ಬೆರಳು ತೋರಿಸಿದರೆ, "ಅದು ಬೇಡಿ ಅಮ್ಮಾ, ಒಂದು ಒಗೆತಕ್ಕೆ ಬಣ್ಣ ಬಿಡುತ್ತೆ" ಎಂದುಬಿಡುತ್ತಿದ್ದ. ಎದ್ದು ಹೋಗಿ ತರಬೇಕಾದ ಬಟ್ಟೆಗಳೆಲ್ಲ ಅವನ ಲೆಕ್ಕದಲ್ಲಿ ಬಣ್ಣ ಬಿಡುವಂಥವೇ.

ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳದು. ದಿನವಿಡೀ ಮಕ್ಕಳ ಹಿಂದೆ ಓಡಿ ಓಡಿ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಆಗಿದ್ದಳು. ಇಬ್ಬರೂ ಎಲ್ಲಿಗಾದರೂ ಹೊರಟರೆ ಅವಳು ಮುಂದಿನ ತಿರುವಿನಲ್ಲಿ, ಇವನು ಹಿಂದಿನ ದೀಪದ ಕಂಬದ ಹತ್ತಿರ. ಮದುವೆಯಾದಾಗಿನಿಂದ ಬೀದಿಯಲ್ಲಿ ಹೆಂಡತಿಯ ಬೆನ್ನು ನೋಡಿದಷ್ಟು ಮುಖ ನೋಡಿಲ್ಲ ಎಂದು ಅವನು ಹೇಳುತ್ತಿದ್ದ.

ಆದರೆ ಅವನ ಕೈಯ ಮಾತೇ ಬೇರೆ. ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಬೀಸಿದನೆಂದರೆ ಬಟ್ಟೆ ಅಲೆಯಲೆಯಾಗಿ ಬಿಚ್ಚಿಕೊಂಡು ಮೇಜಿನುದ್ದಕ್ಕೂ ಹರಿದು, ಅದರ ಅಂಚು ಸರಿಯಾಗಿ ಗಿರಾಕಿಯ ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು. ಒಂದು ಬೇಡವೆಂದರೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅಡುಗೆಮನೆಯ ಒಂದು ಕಿಟಕಿಗೆಂದು ಬಂದವರು ಇಡೀ ಮನೆಗೆ ಪರದೆ ಹೊಲಿಸಿಕೊಂಡು ಹೋದದ್ದುಂಟು. ಅದಕ್ಕೇ ಯಜಮಾನರು ಅವನ ಸೋಮಾರಿತನವನ್ನು ಹೊಟ್ಟೆಗೆ ಹಾಕಿಕೊಂಡಿದ್ದರು.

ಹೀಗಿರುವಾಗ ಯಜಮಾನರಿಗೆ ಎದೆ ಹಿಡಿದುಕೊಂಡಂತಾಗಿ ಆಸ್ಪತ್ರೆ ಸೇರಿ ಬಂದರು. ದೊಡ್ಡ ಕಾಯಿಲೆಯೇನಲ್ಲ, ದಿನಾ ನಡೆಯಿರಿ ಎಂದಷ್ಟೇ ಡಾಕ್ಟರು ಹೇಳಿದ್ದು. ಆದರೆ ಅಂಗಡಿಯ ಕಾರುಬಾರನ್ನು ಹೊಸದಾಗಿ ವಹಿಸಿಕೊಂಡಿದ್ದ ಅವರ ಸೊಸೆ, ಎಲ್ಲರೂ ಸಣ್ಣಮ್ಮ ಎಂದು ಕರೆಯುತ್ತಿದ್ದಾಕೆ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಮಾವನವರೊಬ್ಬರೇ ಏಕೆ, ಅಂಗಡಿಯವರೆಲ್ಲ ನಡೆಯಲಿ ಎಂದು ಒಬ್ಬೊಬ್ಬರಿಗೂ ಒಂದೊಂದು ಫಿಟ್‌ನೆಸ್ ವಾಚು ತರಿಸಿ ಕಟ್ಟಿಸಿದಳು. ಯಾರು ಎಷ್ಟು ದೂರ ನಡೆದರು ಎನ್ನುವುದು ಕ್ಯಾಷ್ ಕೌಂಟರಿನ ಪಕ್ಕದ ಟಿವಿಯಲ್ಲಿ ಮಾರನೆಯ ಬೆಳಗ್ಗೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಬರುತ್ತಿತ್ತು. ಎರಡು ತಿಂಗಳು ಪಂದ್ಯ. ಗೆದ್ದವರಿಗೆ ಬಹುಮಾನ, ಅದೇನೆಂದು ಆಮೇಲೆ ಹೇಳುತ್ತೇನೆ ಅಂದಳು.

ಮೊದಲನೆಯ ಬೆಳಗ್ಗೆ ಟಿವಿ ನೋಡಿದವರೆಲ್ಲ ಕಣ್ಣುಜ್ಜಿಕೊಂಡರು. ಎಲ್ಲರಿಗಿಂತ ಮೇಲೆ ಪರದೆಯಣ್ಣ: ಹದಿನಾಲ್ಕು ಕಿಲೋಮೀಟರ್. ಎಲ್ಲರಿಗಿಂತ ಕೆಳಗೆ ಗಾಡಿಯಕ್ಕ: ಒಂದೂವರೆ.

ಗಾಡಿಯಕ್ಕನೆಂದರೆ ಹಿತ್ತಲಿನ ಗೋಡೌನಿನಿಂದ ಬಟ್ಟೆಯ ಬೇಲುಗಳನ್ನು ನಾಲ್ಕು ಚಕ್ರದ ಗಾಡಿಯಲ್ಲಿ ತಳ್ಳಿಕೊಂಡು ಮೂರೂ ಮಹಡಿಗೆ ಮುಟ್ಟಿಸುವವಳು. ಬೆಳಗ್ಗೆ ಬಾಗಿಲು ತೆಗೆದಾಗ ಹಿಡಿದ ಗಾಡಿಯನ್ನು ಸಂಜೆಯವರೆಗೆ ಬಿಡುತ್ತಿರಲಿಲ್ಲ. ಅವಳು ಟಿವಿಯನ್ನು ಒಮ್ಮೆ ನೋಡಿದಳು, ಪರದೆಯಣ್ಣನ ಹೊಟ್ಟೆಯನ್ನು ಒಮ್ಮೆ ನೋಡಿದಳು, ಗಾಡಿ ತಳ್ಳಿಕೊಂಡು ಹೊರಟುಹೋದಳು.

ಪರದೆಯಣ್ಣನಿಗೂ ಮೊದಲು ಆಶ್ಚರ್ಯವೇ ಆಯಿತು. ಆದರೆ ಹೊಗಳಿಕೆ ಯಾರಿಗೆ ಬೇಡ? ಮಧ್ಯಾಹ್ನದ ಹೊತ್ತಿಗೆ, ಇರಬಹುದೇನೋ, ನಾನೂ ಅಲ್ಲಿ ಇಲ್ಲಿ ಓಡಾಡುತ್ತೀನಲ್ಲ ಅನ್ನಿಸಿತು. ಸಂಜೆಗೆ ಅದು ನಿಜವೇ ಅನ್ನಿಸಿತು. ಮನೆಗೆ ಹೋಗುವಷ್ಟರಲ್ಲಿ ಕಾಲು ಸಹ ನೋಯತೊಡಗಿತು. ಹೆಂಡತಿಗೆ ವಾಚು ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬಿಸಿನೀರು ಕಾಯಿಸಿ ತಂದು ಅವನ ಕಾಲ ಬಳಿ ಇಟ್ಟಳು. ಮದುವೆಯ ಮೊದಲ ವರ್ಷದಲ್ಲೂ ಇಂಥ ಉಪಚಾರ ನಡೆದಿರಲಿಲ್ಲ. ಇಷ್ಟು ವರ್ಷ ಸುಮ್ಮನೆ ನಿಮ್ಮನ್ನು ಸೋಮಾರಿ ಅಂದೆ ಎಂದು ನೊಂದುಕೊಂಡಳು. ಪರದೆಯಣ್ಣ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಮಾರನೆಯ ದಿನವೂ ಅವನೇ ಮೊದಲು. ಅದರ ಮಾರನೆಯ ದಿನವೂ ಅವನೇ. ಯಾರೋ ವಾಚನ್ನು ಫ್ಯಾನಿಗೆ ಕಟ್ಟುತ್ತಾನೆ ಅಂದರು, ಯಾರೋ ಬೀದಿನಾಯಿಯ ಕೊರಳಿಗೆ ಹಾಕಿ ಕಳಿಸುತ್ತಾನೆ ಅಂದರು. ಅವನು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಸ್ಟೂಲಿನ ಮೇಲೆ ಕೂತು ಇತರರಿಗೆ ಆರೋಗ್ಯದ ವಿಷಯದಲ್ಲಿ ಬುದ್ಧಿವಾದ ಹೇಳತೊಡಗಿದ. ಯಜಮಾನರೇ ಒಂದು ದಿನ ಮೇಲೆ ಬಂದು, ಈ ಮೈ ಇಟ್ಟುಕೊಂಡು ನೀನು ಇಷ್ಟು ನಡೆಯುವುದನ್ನು ನೋಡಿ ನನಗೂ ಧೈರ್ಯ ಬಂತು, ಬೆಳಗ್ಗೆ ಪಾರ್ಕಿಗೆ ಹೋಗುತ್ತಿದ್ದೇನೆ ಎಂದು ಬೆನ್ನು ತಟ್ಟಿ ಹೋದರು.

ಒಂದು ತಿಂಗಳು ಕಳೆದ ಮೇಲೆ ಸಣ್ಣಮ್ಮ ಬಹುಮಾನ ಏನೆಂದು ಹೇಳಿದಳು. ಗೆದ್ದವರಿಗೆ, ಜೊತೆಗೆ ಅವರ ಕಡೆಯ ಇನ್ನೊಬ್ಬರಿಗೆ, ಮೂರು ದಿನದ ಚಾರಣ. ಕಾಡಿನ ದಾರಿಯಲ್ಲಿ ನಡೆದು ಬೆಟ್ಟದ ತುದಿಗೆ ಹತ್ತಿ ಬರುವುದು. ಮಾರ್ಗದರ್ಶಕ, ಡೇರೆ, ಊಟ ಎಲ್ಲ ಅಂಗಡಿಯದೇ.

ಎಲ್ಲರೂ ಪರದೆಯಣ್ಣನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಬಹುಮಾನ ಎಂದರೆ ಒಂದು ಒಳ್ಳೆಯ ಕುರ್ಚಿ ಇರಬಹುದು ಎಂದು ಅವನು ಅಂದುಕೊಂಡಿದ್ದ.

ಮನೆಯಲ್ಲಿ ಈ ಸುದ್ದಿಯನ್ನು ಮುಚ್ಚಿಡಬಹುದಿತ್ತು. ಆದರೆ ಕ್ಯಾಷಿಯರ್ ಅಷ್ಟರಲ್ಲಿ ಅವನ ಹೆಂಡತಿಗೆ ಫೋನು ಮಾಡಿ ಅಭಿನಂದನೆ ಹೇಳಿಯಾಗಿತ್ತು. ಅವಳು ಅಂದೇ ಸಂಜೆ ಇಬ್ಬರಿಗೂ ಬೂಟು ತಂದಳು. ಅವನ ಸಣ್ಣ ಪಾದಕ್ಕೆ ಮಕ್ಕಳ ವಿಭಾಗದಲ್ಲಿ ಹುಡುಕಬೇಕಾಯಿತಂತೆ. ಶಿಶುವಿಹಾರದವರಿಗೆ, ಪಕ್ಕದ ಮನೆಯವರಿಗೆ, ಹಾಲು ಹಾಕುವವನಿಗೆ ಎಲ್ಲ ಹೇಳಿಯಾಗಿತ್ತು. ಮಲಗುವ ಮೊದಲು ಬೂಟಿನ ಲೇಸು ಪೋಣಿಸುತ್ತ ಅವಳು, "ಈ ಸಲನಾದ್ರೂ ಇಬ್ರೂ ಒಟ್ಟಿಗೆ ನಡೀಬಹುದು, ಅಲ್ವಾ" ಅಂದಳು.

ಪರದೆಯಣ್ಣ ಹೂಂ ಅಂದ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಪಾಡು ಅವನದು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಉಳಿದಿರುವುದು ಒಂದೇ ದಾರಿ, ಹೇಗಾದರೂ ಮಾಡಿ ಸೋಲಬೇಕು. ಸೋಲಬೇಕಾದರೆ ಕಡಿಮೆ ನಡೆಯಬೇಕು. ಆದರೆ ಅವನು ಈಗ ನಡೆಯುತ್ತಿರುವುದಕ್ಕಿಂತ ಕಡಿಮೆ ನಡೆಯುವುದು ಜೀವಂತ ಮನುಷ್ಯನಿಂದ ಸಾಧ್ಯವಿರಲಿಲ್ಲ. ಹಾಗಾದರೆ ತಪ್ಪು ವಾಚಿನದೇ ಇರಬೇಕು ಎಂಬ ಸತ್ಯ ಅವನಿಗೆ ಆಗ ಹೊಳೆಯಿತು. ಒಂದು ತಿಂಗಳು ಅದನ್ನು ಕಾಣಗೊಡದೆ ಇದ್ದದ್ದು ಹೊಗಳಿಕೆ.

ವಾಚು ಕೆಟ್ಟಿದೆ ಎಂದು ಸಣ್ಣಮ್ಮನ ಹತ್ತಿರ ಹೋಗಿ ಹೇಳಿದ. ಎಷ್ಟು ವಿನಯ ನಿಮಗೆ ಎಂದು ಆಕೆ ಮೆಚ್ಚಿಕೊಂಡಳು. ಬೇರೆ ದಾರಿ ಕಾಣದೆ ಕ್ಯಾಷಿಯರನ ಮೊರೆ ಹೊಕ್ಕ. ಫೋನು, ಟಿವಿ, ಲಿಫ್ಟು ಯಾವುದು ಕೆಟ್ಟರೂ ಮೊದಲು ಕೈ ಹಾಕುವವನು ಆ ಕ್ಯಾಷಿಯರ್. ರಿಪೇರಿಯವರನ್ನು ಕರೆಸುವುದು ಆಮೇಲೆ. ಅವನು ಹೇಳಿದ: ವಾಚಿಗೆ ದಾರಿ ಕಾಣುವುದಿಲ್ಲ, ಹೆಜ್ಜೆ ಎಷ್ಟಾಯಿತು ಎಂದು ಎಣಿಸುತ್ತೆ, ನಿಮ್ಮ ಎತ್ತರ ನೋಡಿ ಒಂದು ಹೆಜ್ಜೆ ಇಷ್ಟುದ್ದ ಇರಬಹುದು ಅಂತ ಊಹಿಸುತ್ತೆ, ಎರಡನ್ನೂ ಗುಣಿಸುತ್ತೆ. ಎತ್ತರ ಕಡಿಮೆ ಮಾಡಿದರೆ ಹೆಜ್ಜೆ ಗಿಡ್ಡವಾಗುತ್ತೆ, ದೂರ ತಾನೇ ಇಳಿಯುತ್ತೆ.

ಇಬ್ಬರೂ ಲಿಫ್ಟಿನ ಪಕ್ಕದ ಮೂಲೆಯಲ್ಲಿ ನಿಂತು ಪರದೆಯಣ್ಣನ ಎತ್ತರವನ್ನು ಮೂರಡಿಗೆ ಇಳಿಸಿದರು. ದೂರವೂ ಇಳಿಯಿತು, ಆದರೂ ಮೊದಲ ಸ್ಥಾನ ತಪ್ಪಲಿಲ್ಲ, ಏಕೆಂದರೆ ಆ ವಾರ ರಿಯಾಯಿತಿ ಮಾರಾಟ ಶುರುವಾಗಿ ಎರಡನೆಯ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಎರಡಕ್ಕೂ ಇದ್ದ ಸಂಬಂಧ ಮಾತ್ರ ಅವರಿಬ್ಬರ ತಲೆಗೂ ಹೋಗಲಿಲ್ಲ. ಅದರ ಮೇಲೆ ವಾಚು ಗಂಟೆಗೊಂದು ಸಲ ನಡುಗಿ, ನಿಮ್ಮ ಎತ್ತರಕ್ಕೆ ನಿಮ್ಮ ತೂಕ ತೀರಾ ಹೆಚ್ಚಾಗಿದೆ, ಕೂಡಲೇ ವೈದ್ಯರನ್ನು ಕಾಣಿ ಎಂದು ಎಚ್ಚರಿಸತೊಡಗಿತು. ಮೂರಡಿಯ ಮಗುವಿನ ಮೇಲೆ ಅಷ್ಟು ಭಾರ ನೋಡಿ ಅದು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಾಚನ್ನು ಬಲಗೈಗೆ ಕಟ್ಟಿ ನೋಡಿದ. ಸಡಿಲ ಮಾಡಿದ, ಬಿಗಿ ಮಾಡಿದ, ಆರಿಸಿ ಹೊತ್ತಿಸಿದ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಕೊನೆಗೆ ವಾಚಿನ ರಿಪೇರಿ ಅಂಗಡಿಗೆ ಹೋದ. ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿ ಪರದೆಯಣ್ಣನನ್ನು ನೋಡಿ, ವಾಚಿನಲ್ಲಿದ್ದ ಎತ್ತರ ನೋಡಿ, ನಗು ತಡೆದುಕೊಂಡು ಮೊದಲು ಅದನ್ನು ಸರಿಮಾಡಿದಳು. ಆಮೇಲೆ, ಎಷ್ಟುದ್ದ ಎಂದು ಖಚಿತವಾಗಿ ಗೊತ್ತಿರುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ, ವಾಚು ಹೇಳುವುದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಬಂದು ಹೇಳಿ, ಸರಿಪಡಿಸಿ ಕೊಡುತ್ತೇನೆ ಅಂದಳು.

"ನಡೆಯಲೇಬೇಕಾ?" ಎಂದ ಪರದೆಯಣ್ಣ.

"ನಡೆಯೋ ವಾಚಲ್ವಾ ಅಂಕಲ್" ಎಂದಳು ಹುಡುಗಿ.

ಭಾನುವಾರ ಬೆಳಗ್ಗೆ ಹೆಂಡತಿಯೇ ಅವನನ್ನು ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಓಟದ ಸ್ಪರ್ಧೆಗೆ ಸುಣ್ಣದ ಗೆರೆ ಎಳೆದಿದ್ದರು; ಒಂದು ಸುತ್ತಿಗೆ ನಾನೂರು ಮೀಟರ್. ಪರದೆಯಣ್ಣ ಹೊಸ ಬೂಟು ಹಾಕಿಕೊಂಡು ಹೊರಟ. ಅರ್ಧ ಸುತ್ತಿಗೆ ಉಸಿರು ಕಿತ್ತುಕೊಂಡು ಬಂತು. ಮುಕ್ಕಾಲು ಸುತ್ತಿಗೆ, ಈ ನಡುವೆ ಇಷ್ಟು ಪ್ರೀತಿ ತೋರುವ ಹೆಂಡತಿಯನ್ನು ಬಿಟ್ಟು ಹೋಗಬೇಕಾಯಿತಲ್ಲ ಎಂದು ದುಃಖವಾಯಿತು. ಹೇಗೋ ಸುತ್ತು ಮುಗಿಸಿ ಗೆರೆಯ ಮೇಲೇ ಕೂತುಬಿಟ್ಟ. ಹೆಂಡತಿ ಅವನ ಕೈ ಎತ್ತಿ ವಾಚು ನೋಡಿದಳು. ನಾನೂರ ಹತ್ತು.

ವಾಚಿನಲ್ಲಿ ಹೇಳಿಕೊಳ್ಳುವಂಥ ದೋಷವೇ ಇರಲಿಲ್ಲ. ಅವಳಿಗೆ ಸಂತೋಷವೋ ಸಂತೋಷ. "ನೋಡಿದ್ರಾ, ಅದು ಸುಳ್ಳು ಹೇಳ್ತಿಲ್ಲ. ನೀವೇ ಇಷ್ಟು ವರ್ಷ ಕಾಲು ಬರಲ್ಲ ಅಂತ ಸುಳ್ಳು ಹೇಳಿದ್ದು" ಅಂದಳು. ನಡೆಯುವಾಗ ನಿಜ ಹೇಳುವ ವಾಚು ಕೂತಾಗ ಏಕೆ ಸುಳ್ಳು ಹೇಳುತ್ತೆ ಎಂದು ಯೋಚಿಸುವಷ್ಟು ಉಸಿರು ಪರದೆಯಣ್ಣನಲ್ಲಿ ಉಳಿದಿರಲಿಲ್ಲ.

ಪಂದ್ಯ ಮುಗಿಯಲು ಒಂದು ವಾರ ಇದ್ದಾಗ ಸಣ್ಣಮ್ಮ ಗಾಡಿಯಕ್ಕನನ್ನು ಕರೆದು, ಬಹಳ ಮೃದುವಾಗಿ, ಅಕ್ಕಾ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ, ದಿನಕ್ಕೆ ಸ್ವಲ್ಪವಾದರೂ ನಡೆಯಿರಿ ಎಂದಳಂತೆ. ಗಾಡಿಯಕ್ಕ ಅಲ್ಲಿಂದ ನೇರ ಎರಡನೆಯ ಮಹಡಿಗೆ ಬಂದು, ಗಾಡಿಯನ್ನು ಪರದೆಯಣ್ಣನ ಮೇಜಿಗೆ ಅಡ್ಡ ನಿಲ್ಲಿಸಿ, ಸೆರೆಹಿಡಿಯಲು ಬಂದ ಪೊಲೀಸಿನವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಕಳ್ಳಾಟ ಏನೂಂತ ಇವತ್ತು ನೋಡೇ ಹೋಗೋದು ನಾನು. ಫ್ಯಾನಿಗೆ ಕಟ್ತೀರೋ, ನಾಯಿಗೆ ಕಟ್ತೀರೋ, ಕಟ್ಟಿ."

ಪರದೆಯಣ್ಣ ಏನಾದರೂ ಹೇಳುವ ಮೊದಲೇ ಗಿರಾಕಿಗಳು ಬಂದರು. ತಾಯಿ, ಮಗಳು, ಹೊಸ ಮನೆ, ಹನ್ನೊಂದು ಕಿಟಕಿ. ಅವನು ಕೆಲಸಕ್ಕೆ ಕೈ ಹಾಕಿದ. ನೀಲಿ ಬೀಸಿದ, ಹಸಿರು ಬೀಸಿದ, ಹೂವಿನದು, ಗೆರೆಯದು, ಬೆಳಕು ತಡೆಯುವಂಥದು. ಗಾಡಿಯಕ್ಕ ಅವನ ಮಣಿಕಟ್ಟಿನ ಮೇಲೆ ಕಣ್ಣು ನೆಟ್ಟಿದ್ದಳು. ಗಿರಾಕಿಗಳು ಹೋದ ಮೇಲೆ ಅವಳ ಮುಖದ ಸಿಟ್ಟು ಹೋಗಿ ಬೇರೇನೋ ಬಂದಿತ್ತು.

"ಅಣ್ಣಾ, ಇನ್ನೊಂದು ಸಲ ಬೀಸಿ."

ಬೀಸಿದ. ವಾಚಿನ ಅಂಕಿ ಜಿಗಿಯಿತು. ಮತ್ತೆ ಬೀಸಿದ, ಮತ್ತೆ ಜಿಗಿಯಿತು. ಇಬ್ಬರೂ ತಲೆ ಹತ್ತಿರ ತಂದು ನೋಡಿದರು. ನಡೆಯುವವರ ಕೈ ಬೀಸುತ್ತಲ್ಲ, ಆ ಬೀಸನ್ನೇ ವಾಚು ಹೆಜ್ಜೆಯೆಂದು ಎಣಿಸುತ್ತಿತ್ತು. ಬಟ್ಟೆಯ ಒಂದೊಂದು ಬೀಸಿಗೂ ಪರದೆಯಣ್ಣ ಊರು ಬಿಟ್ಟು ಊರಿಗೆ ಹೊರಟಿದ್ದ.

"ಕುಂಡೆ ಎತ್ತದೆ ಹದಿನಾಲ್ಕು ಕಿಲೋಮೀಟರ್" ಎಂದಳು ಗಾಡಿಯಕ್ಕ. ಆಮೇಲೆ ತನ್ನ ಮಣಿಕಟ್ಟು ನೋಡಿಕೊಂಡಳು. ಗಾಡಿಯ ಹಿಡಿಯನ್ನು ಹಿಡಿದ ಕೈ ಬೀಸುವುದೆಲ್ಲಿ ಬಂತು? ಕಾಲು ಎಷ್ಟೇ ಸವೆದರೂ ವಾಚಿನ ಪಾಲಿಗೆ ಅವಳು ನಿಂತೇ ಇದ್ದಳು.

ಪರದೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಕಾರಣ ಸಿಕ್ಕಿತು, ಇನ್ನು ಬೆಟ್ಟ ತಪ್ಪಿತು. ಆದರೂ ಸಣ್ಣಮ್ಮನ ಎದುರಿಗೆ ಹೇಳುವ ಮೊದಲು ಎಲ್ಲ ಖಚಿತವಾಗಬೇಕಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಹಡಿ ಖಾಲಿಯಾದಾಗ ಇಬ್ಬರೂ ಪರೀಕ್ಷೆಗೆ ಇಳಿದರು. ಗಾಡಿಯ ಮೇಲಿದ್ದ ಬೇಲುಗಳನ್ನು ಇಳಿಸಿ ಅಲ್ಲಿ ಪರದೆಯಣ್ಣ ಕೂತ. ಗಾಡಿಯಕ್ಕ ಉಸಿರು ಬಿಗಿಹಿಡಿದು ತಳ್ಳಿದಳು. ಕಪಾಟುಗಳ ನಡುವೆ ಒಂದು ಸುತ್ತು. ಅವನ ವಾಚೂ ಕದಲಲಿಲ್ಲ, ಅವಳ ವಾಚೂ ಕದಲಲಿಲ್ಲ. ಎರಡನೆಯ ಸುತ್ತಿಗೆ ಅವಳು ತನ್ನ ವಾಚನ್ನು ಬಿಚ್ಚಿ ಕಾಲಿನ ಗಂಟಿನ ಮೇಲೆ ಕಟ್ಟಿಕೊಂಡಳು. ಅವನು ಹಳದಿ ಬಟ್ಟೆಯ ಸುರುಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ತಳ್ಳಿದಳು, ಅವನು ಬೀಸಿದ. ಎರಡೂ ವಾಚು ಪೈಪೋಟಿಗೆ ಬಿದ್ದ ಹಾಗೆ ಓಡತೊಡಗಿದವು. ಹಳದಿ ಬಟ್ಟೆ ಹಿಂದೆ ಮುಂದೆ ಹಾರಿ, ಪರದೆಯಣ್ಣ ರಥ ಏರಿದ ರಾಜನಂತೆ ಕಿಟಕಿಯ ಬದಿಯಿಂದ ಲಿಫ್ಟಿನ ಬದಿಗೆ ತಿರುಗುವ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು.

ಒಳಗೆ ಸಣ್ಣಮ್ಮ ಇದ್ದಳು. ಜೊತೆಗೆ ಫೋಟೊ ತೆಗೆಯುವವನು. ಅಂಗಡಿಯ ಮಹಾ ನಡಿಗೆಗಾರನ ಚಿತ್ರವನ್ನು ದೊಡ್ಡದು ಮಾಡಿ ಬಾಗಿಲಲ್ಲಿ ಹಾಕಬೇಕೆಂದು ಯಜಮಾನರು ಹೇಳಿ ಕಳಿಸಿದ್ದರು. ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವನನ್ನು ಎಲ್ಲರಿಗಿಂತ ಕಡಿಮೆ ನಡೆಯುವವಳು ಗಾಡಿಯಲ್ಲಿ ಕೂರಿಸಿ ತಳ್ಳುತ್ತಿದ್ದಳು. ಫೋಟೊದವನು ರೂಢಿಬಲದಿಂದ ಒಂದು ಚಿತ್ರ ತೆಗೆದೇಬಿಟ್ಟ.

ಗಾಡಿ ತಾನಾಗಿ ಇನ್ನೊಂದು ಮಾರು ಉರುಳಿ ಸಣ್ಣಮ್ಮನ ಪಾದದ ಹತ್ತಿರ ನಿಂತಿತು. ಪರದೆಯಣ್ಣ ಗಾಡಿಯ ಮೇಲೆ ಕೂತೇ ಎಲ್ಲವನ್ನೂ ಹೇಳಿದ; ಇಳಿಯಲು ಯಾರಾದರೂ ಕೈ ಕೊಡಬೇಕಿತ್ತು, ಯಾರೂ ಕೊಟ್ಟಿರಲಿಲ್ಲ. ಸಣ್ಣಮ್ಮ ನಂಬಲಿಲ್ಲ. ನಂಬದೆ, ತಾನೇ ಸ್ಟೂಲಿನ ಮೇಲೆ ಕೂತು ಸುರುಳಿಯೊಂದನ್ನು ಬೀಸಿದಳು. ಬಟ್ಟೆ ಅವಳ ತಲೆಯ ಮೇಲೇ ಬಿದ್ದು ಮುಖ ಮುಚ್ಚಿತು. ಒಳಗಿನಿಂದಲೇ ತನ್ನ ಕೈಯ ವಾಚು ನೋಡಿಕೊಂಡಳೆಂದು ಕಾಣುತ್ತದೆ. ಬಹಳ ಹೊತ್ತು ಬಟ್ಟೆ ಸರಿಸಲಿಲ್ಲ. ಸರಿಸಿದಾಗ ಮುಖ ಕೆಂಪಾಗಿತ್ತು. ಗಾಡಿಯಕ್ಕನ ಕಡೆ ನೋಡಿ, "ನಾನು ನಿಮಗೆ ನಡೀರಿ ಅಂದೆನಲ್ಲ ಅಕ್ಕಾ" ಅಂದಳು.

"ಅಂದ್ರಿ" ಎಂದಳು ಗಾಡಿಯಕ್ಕ. ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಯಜಮಾನರಿಗೆ ಹೇಳುವ ಕೆಲಸ ಪರದೆಯಣ್ಣನ ತಲೆಗೇ ಬಂತು. ನನ್ನನ್ನು ನೋಡಿ ನಡೆಯಲು ಶುರು ಮಾಡಿದವರು, ಈಗ ಎದೆ ಹಿಡಿದುಕೊಂಡರೆ ಏನು ಗತಿ ಎಂದು ಹೆದರುತ್ತಲೇ ಹೇಳಿದ. ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಪಾರ್ಕಿನಲ್ಲಿ ನಾನು ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತೇನಲ್ಲ, ಹಾಗಾದರೆ ನನ್ನ ವಾಚು ಕಡಿಮೆ ತೋರಿಸುತ್ತಿದೆಯೇ? ಇರಲೇಬೇಕು ಎಂದ ಪರದೆಯಣ್ಣ. ಯಜಮಾನರು ಬಹಳ ಗೆಲುವಾಗಿ, ಡಾಕ್ಟರಿಗೆ ಫೋನು ಮಾಡಿ, ನಾನು ನಿಮಗೆ ಹೇಳಿದ್ದಕ್ಕಿಂತ ಹೆಚ್ಚು ನಡೆಯುತ್ತಿದ್ದೇನೆ ಎಂದು ತಿಳಿಸಿದರು.

ಇಷ್ಟೆಲ್ಲ ಸುಲಭವಾಯಿತು. ಉಳಿದದ್ದು ಮನೆ.

ಹೆಂಡತಿ ಪಾತ್ರೆ ಒರೆಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಅವಳು ಒರೆಸುವುದನ್ನು ನಿಲ್ಲಿಸದೆ ಕೇಳಿದಳು.

"ಕೂತ್ಕೊಂಡೇನಾ? ಪೂರ್ತಿ?"

"ಪೂರ್ತಿ."

ತೋರಿಸಿ ಅಂದಳು. ಅವನು ಮಂಚದ ಮೇಲೆ ಕೂತು ಹಾಸಿಗೆಯ ಹೊದಿಕೆಯನ್ನು ನಾಲ್ಕಾರು ಸಲ ಬೀಸಿದ. ಅಂಕಿ ಏರಿತು. ಅವಳಿಗೆ ಮೊದಲು ನಗು ಬಂತು, ತಡೆದುಕೊಳ್ಳಲಾರದೆ ಗೋಡೆ ಹಿಡಿದು ನಕ್ಕಳು. ಅಬ್ಬಾ, ದಾಟಿದೆ ಎಂದು ಪರದೆಯಣ್ಣ ಅಂದುಕೊಂಡ. ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಒಳಕೋಣೆಯಲ್ಲಿ ತನ್ನ ಬೂಟನ್ನು ಕಾಗದದಲ್ಲಿ ಸುತ್ತಿ, ಮತ್ತೆ ಡಬ್ಬಿಯೊಳಗೆ ಇಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಡಬ್ಬಿಯ ಮುಚ್ಚಳ ಒತ್ತಿ ಕಪಾಟಿನ ಮೇಲಕ್ಕೆ ತಳ್ಳಿದಳು. ಆ ರಾತ್ರಿ ಪರದೆಯಣ್ಣನಿಗೆ ಊಟ ರುಚಿಸಲಿಲ್ಲ. ಅವಳು ಎಲ್ಲಿಗೂ ಹೋಗಿದ್ದಿಲ್ಲ. ಹೋಗೋಣವೆಂದಾಗಲೆಲ್ಲ ಅವನ ಕಾಲು ಅಡ್ಡ ಬಂದಿತ್ತು.

ಬಹುಮಾನ ಗಾಡಿಯಕ್ಕನಿಗೆ ಎಂದು ತೀರ್ಮಾನವಾಯಿತು. ಉಳಿದ ದಿನಗಳಲ್ಲಿ ಅವಳು ವಾಚನ್ನು ಕಾಲಿಗೆ ಕಟ್ಟಿಕೊಂಡು ಓಡಾಡಿದ್ದನ್ನು ನೋಡಿದ ಮೇಲೆ ಯಾರೂ ಚಕಾರವೆತ್ತಲಿಲ್ಲ. ಆದರೆ ಅವಳೇ ಬೇಡವೆಂದಳು. ದಿನವಿಡೀ ನಡೆಯುವವಳಿಗೆ ಇನ್ನಷ್ಟು ನಡಿ ಅನ್ನುವುದು ಯಾವ ಸೀಮೆ ಬಹುಮಾನ? ಜೊತೆಗೆ ಬರುವವರೂ ಇಲ್ಲ, ಗಂಡನಿಗೆ ಕಾರ್ಖಾನೆಯಲ್ಲಿ ರಜೆಯಿಲ್ಲ. ಅದರ ಬದಲು ಗಾಡಿಗೆ ಹೊಸ ಚಕ್ರ ಹಾಕಿಸಿಕೊಡಿ, ಎಡಗಡೆಯದು ಜಗ್ಗುತ್ತೆ ಅಂದಳು.

ಪರದೆಯಣ್ಣ ಅಂದು ಮಾಡಿದ ಕೆಲಸ ಅಂಗಡಿಯಲ್ಲಿ ಎಲ್ಲರಿಗೂ ನೆನಪಿದೆ. ಲಿಫ್ಟು ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಅವನು ಕಾಯದೆ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹಿತ್ತಲಿನ ಗೋಡೌನಿಗೆ ಹೋದ. ಬೇಲುಗಳ ನಡುವೆ ಚಹಾ ಕುಡಿಯುತ್ತ ಕೂತಿದ್ದ ಗಾಡಿಯಕ್ಕನ ಎದುರು ಏದುಸಿರು ಬಿಡುತ್ತ ನಿಂತ.

"ಅಕ್ಕಾ, ಅಲ್ಲಿ ಸಾಮಾನೆಲ್ಲ ಕುದುರೆ ಹೊರುತ್ತಂತೆ. ನೀವು ಏನೂ ತಳ್ಳಬೇಕಾಗಿಲ್ಲ. ಸುಮ್ನೆ ಕೈ ಬೀಸ್ಕೊಂಡು ನಡೆಯೋದು."

ಗಾಡಿಯಕ್ಕ ಲೋಟ ಕೆಳಗಿಟ್ಟಳು. ಏನೂ ತಳ್ಳದೆ ನಡೆಯುವುದು. ಆ ಮಾತನ್ನು ಅವಳು ಒಳಗೊಳಗೇ ಇನ್ನೊಮ್ಮೆ ಹೇಳಿಕೊಂಡ ಹಾಗಿತ್ತು.

"ಜೊತೆಗೆ ಯಾರೂ ಇಲ್ವಲ್ಲ."

"ನನ್ನ ಹೆಂಡ್ತಿ ಇದಾಳೆ. ಚೆನ್ನಾಗಿ ನಡೀತಾಳೆ. ಸ್ವಲ್ಪ ಮಾತು ಜಾಸ್ತಿ."

"ಮತ್ತೆ ಇಲ್ಲಿ ಗಾಡಿ?"

ಪರದೆಯಣ್ಣ ಗಾಡಿಯನ್ನು ನೋಡಿದ. ಅಲ್ಲಿಂದ ಲಿಫ್ಟಿನವರೆಗಿನ ಉದ್ದನೆಯ ಓಣಿಯನ್ನು ನೋಡಿದ. "ನಾನಿದೀನಿ" ಎಂದ ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಗೆ ಕಚ್ಚಿಕೊಂಡ. ಆದರೆ ಅಷ್ಟರಲ್ಲಿ ಗಾಡಿಯಕ್ಕ ಒಪ್ಪಿಯಾಗಿತ್ತು.

ಹೀಗೆ ಹೆಂಗಸರಿಬ್ಬರೂ ಬೆಟ್ಟಕ್ಕೆ ಹೊರಟರು. ಮೂರು ದಿನ ಪರದೆಯಣ್ಣ ಗಾಡಿ ತಳ್ಳಿದ. ಮಾಡಿದ್ದುಣ್ಣೋ ಮಹಾರಾಯ ಎಂದು ಕ್ಯಾಷಿಯರ್ ದಾರಿಯಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಎಡಗಡೆಯ ಚಕ್ರ ಗೋಡೆಯ ಕಡೆಗೇ ಎಳೆಯುತ್ತಿತ್ತು. ಮೊದಲ ದಿನ ಓಣಿಯ ಸುಣ್ಣವೆಲ್ಲ ಅವನ ಭುಜಕ್ಕೆ ಬಂತು. ಎರಡನೆಯ ದಿನ ಚಕ್ರ ಜಗ್ಗುವ ಮೊದಲೇ ಬಲಕ್ಕೆ ಒತ್ತಬೇಕೆಂದು ಕೈ ಕಲಿಯಿತು. ಸಂಜೆ ಮೈಯೆಲ್ಲ ಬೆವರಿ ಬಂದು, ಅಭ್ಯಾಸಬಲದಿಂದ ವಾಚು ನೋಡಿಕೊಂಡ. ಮುನ್ನೂರು ಮೀಟರ್ ಎಂದಿತ್ತು. ಕಾಲಿಗೆ ಕಟ್ಟಿಕೊಳ್ಳಬಹುದಿತ್ತು, ಆದರೆ ಅಲ್ಲಿಯವರೆಗೆ ಬಗ್ಗಲು ಹೊಟ್ಟೆ ಬಿಡುತ್ತಿರಲಿಲ್ಲ. ಅವನಿಗೆ ಸಿಟ್ಟು ಬಂತು. ಜನ್ಮದಲ್ಲಿ ಮೊದಲ ಸಲ ನಿಜವಾಗಿ ನಡೆದಿದ್ದೇನೆ, ಹೇಳಲು ಸಾಕ್ಷಿಯೇ ಇಲ್ಲ ಎಂದು ವಾಚನ್ನು ಬಿಚ್ಚಿ ಮೇಜಿನ ಖಾನೆಗೆ ಎಸೆದ. ಅದು ಇವತ್ತಿಗೂ ಅಲ್ಲೇ ಕತ್ತರಿಯ ಜೊತೆ ಬಿದ್ದಿದೆ.

ಪರದೆ ವಿಭಾಗದಲ್ಲಿ ಆ ಮೂರು ದಿನ ಕೂತವಳು ಸಣ್ಣಮ್ಮ. ಬಟ್ಟೆ ಅವಳ ತಲೆಯ ಮೇಲೆ ಬೀಳುವುದು ನಿಂತದ್ದು ಮೂರನೆಯ ಸಂಜೆ. ದೂರದ ಕಪಾಟಿನಲ್ಲಿದ್ದ, ಬಣ್ಣ ಬಿಡುವ ಬಟ್ಟೆಗಳನ್ನೆಲ್ಲ ಅವಳು ಒಂದೊಂದಾಗಿ ಮಾರಿಬಿಟ್ಟಿದ್ದಳು. ಒಬ್ಬ ಗಿರಾಕಿಯೂ ದೂರು ತರಲಿಲ್ಲ. ಆ ವಿಷಯವನ್ನು ಪರದೆಯಣ್ಣನ ಎದುರು ಆಕೆ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಹೆಂಗಸರು ಬಿಸಿಲಿಗೆ ಕಪ್ಪಾಗಿ, ಮೂಗಿನ ತುದಿ ಸುಲಿದುಕೊಂಡು ಬಂದರು. ಪರದೆಯಣ್ಣನ ಹೆಂಡತಿ ಬಾಗಿಲಲ್ಲಿ ಚೀಲ ಇಳಿಸುವ ಮೊದಲೇ ಶುರು ಮಾಡಿದ್ದಳು: ಮೋಡ ಕಾಲ ಕೆಳಗಿತ್ತು, ಡೇರೆಯೊಳಗೆ ಕಪ್ಪೆ ಬಂತು, ಗಾಡಿಯಕ್ಕ ಮೊದಲ ದಿನವೆಲ್ಲ ಎರಡೂ ಕೈ ಮುಂದೆ ಚಾಚಿಕೊಂಡೇ ನಡೆದಳು, ಎರಡನೆಯ ದಿನ ಬೀಸತೊಡಗಿದಳು, ಮೂರನೆಯ ದಿನ ಮಾರ್ಗದರ್ಶಕನನ್ನೇ ಹಿಂದೆ ಹಾಕಿದಳು. ಎರಡು ದಿನ ಆ ಮಾತು ಮುಗಿಯಲಿಲ್ಲ. ಪರದೆಯಣ್ಣ ನೋಯುವ ಭುಜಕ್ಕೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತ ಎಲ್ಲ ಕೇಳಿದ.

ಈಗ ಅವರಿಬ್ಬರೂ ಅಕ್ಕತಂಗಿಯರ ಹಾಗಾಗಿದ್ದಾರೆ. ರಜೆ ಹೊಂದಿದಾಗಲೆಲ್ಲ ಯಾವುದಾದರೂ ಗುಡ್ಡ ಹುಡುಕಿಕೊಂಡು ಹೋಗುತ್ತಾರೆ. ಗಾಡಿಗೆ ಹೊಸ ಚಕ್ರ ಬಂದಿದೆ. ಬೆಳಗಿನ ಮೊದಲ ಗಾಡಿಯನ್ನು ಎರಡನೆಯ ಮಹಡಿಗೆ ತಳ್ಳಿಕೊಂಡು ಬರುವವನು ಪರದೆಯಣ್ಣನೇ. ಏಕೆಂದು ಯಾರಾದರೂ ಕೇಳಿದರೆ, ಬಟ್ಟೆ ನನ್ನದಲ್ಲವೇ ಅನ್ನುತ್ತಾನೆ. ಅಲ್ಲಿಂದ ಮುಂದೆ ಸಂಜೆಯವರೆಗೆ ಸ್ಟೂಲು ಬಿಟ್ಟು ಏಳುವುದಿಲ್ಲ.

ಮೊನ್ನೆ ಹೆಂಡತಿ ಹೊಸ ಬೆಟ್ಟವೊಂದರ ಚಿತ್ರ ತೋರಿಸಿ, "ನೀವೂ ಬನ್ನಿ, ನಿಧಾನಕ್ಕೆ ಹತ್ತಿದ್ರಾಯ್ತು" ಎಂದು ಕರೆದಳು.

ಪರದೆಯಣ್ಣ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ.

"ಮೇಲೆ ಒಂದಾದ್ರೂ ಕಿಟಕಿ ಇದ್ರೆ ಹೇಳು" ಅಂದ, "ಅಳತೆ ತಗೊಳೋಕೆ ಬರ್ತೀನಿ."